ಬೆಳ್ಳಿತೆರೆಯ ದೇವಿಕಾರಾಣಿ ಮತ್ತು ಅವರ ಬಾಳನ್ನು ರೂಪಿಸಿದ ಪುರುಷರು

ಭಾರತೀಯ ಚಲನಚಿತ್ರದ ಇತಿಹಾಸವನ್ನು ಬರೆಯಹೊರಟವರು ಯಾರೇ ಆಗಲಿ, ಶ್ರೀಮತಿ ದೇವಿಕಾರಾಣಿಯವರ ಹೆಸರನ್ನು ಮೊದಲ ಅಧ್ಯಾಯಗಳಲ್ಲಿಯೇ ಸ್ಮರಿಸಬೇಕಾಗುತ್ತದೆ. ಕುಲೀನ ಮನೆತನದ ಹೆಣ್ಣುಮಕ್ಕಳು ಸಿನಿಮಾದಲ್ಲಿ ನಟಿಸುವುದೆಂದರೆ ಅಪಚಾರವೆಂದು ಸಮಾಜ ಭಾವಿಸಿದ್ದ ಕಾಲದಲ್ಲಿ ಅವರು ಆ ಕ್ಷೇತ್ರಕ್ಕೆ ಕಾಲಿಟ್ಟರು. ತೆರೆಯ ಮುಂದೆ ನಾಯಕಿಯಾಗಿಯೂ, ತೆರೆಯ ಹಿಂದೆ ಒಂದು ದೊಡ್ಡ ಸಂಸ್ಥೆಯ ಒಡತಿಯಾಗಿಯೂ ದುಡಿದರು. ಭಾರತ ಸರ್ಕಾರವು ದಾದಾಸಾಹೇಬ್ ಫಾಲ್ಕೆಯವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿದಾಗ, 1969ನೆಯ ಸಾಲಿನ ಆ ಪ್ರಪ್ರಥಮ ಪ್ರಶಸ್ತಿ ಸಂದದ್ದು ಇವರಿಗೇ. ಅವರ ಬಾಳಿನ ಕೊನೆಯ ದಶಕಗಳು ಕಳೆದದ್ದು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ. ಹೊಸೂರು ಸೀಮೆಯ ಕನ್ನಡಿಗರಾದ ನಮಗೆ ಆ ಸ್ಥಳ ನೆರೆಯೂರಿನಷ್ಟೇ ಹತ್ತಿರದ್ದು. ಆದರೂ ಅಲ್ಲಿ ಬಾಳಿದ ಈ ಮಹಿಳೆಯ ಕಥೆ ನಮ್ಮಲ್ಲಿ ಅನೇಕರಿಗೆ ಅಷ್ಟಾಗಿ ಪರಿಚಿತವಲ್ಲ.

ದೇವಿಕಾರಾಣಿಯವರ ಜೀವನವನ್ನು ಹೇಳುವವರು ಸಾಮಾನ್ಯವಾಗಿ ಅದನ್ನು ಕೆಲವು ಪುರುಷರ ಕಥೆಯಾಗಿ ಹೇಳಿಬಿಡುತ್ತಾರೆ. ತಂದೆ ಓದಿಸಿದರು, ಮೊದಲ ಪತಿ ತಾರೆಯನ್ನಾಗಿ ಮಾಡಿದರು, ಎರಡನೆಯ ಪತಿ ನೆಮ್ಮದಿ ನೀಡಿದರು ಎಂಬಷ್ಟಕ್ಕೆ ಕಥೆ ಮುಗಿಯುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆ ಪುರುಷರ ಪ್ರಭಾವ ಅವರ ಮೇಲೆ ನಿಜವಾಗಿಯೂ ದೊಡ್ಡದಾಗಿತ್ತು. ಆದರೆ ಯಾವ ನಿರ್ಧಾರ ಯಾರದು ಎಂಬುದನ್ನು ಬಿಡಿಸಿ ನೋಡಿದಾಗ ಚಿತ್ರ ಬೇರೆಯಾಗಿ ಕಾಣುತ್ತದೆ. ಹಾಗೆ ನೋಡುವ ಒಂದು ಸಣ್ಣ ಪ್ರಯತ್ನ ಈ ಲೇಖನ.

ತಂದೆಯ ಮನೆ

ದೇವಿಕಾರಾಣಿಯವರು ಜನಿಸಿದ್ದು 1908ನೆಯ ಇಸವಿ ಮಾರ್ಚ್ 30ರಂದು, ವಿಶಾಖಪಟ್ಟಣದ ಬಳಿಯ ವಾಲ್ಟೇರಿನಲ್ಲಿ. ಅದು ಅಂದಿನ ಮದರಾಸು ಆಧಿಪತ್ಯಕ್ಕೆ ಸೇರಿದ ಊರು. ಸೇಲಂ ಜಿಲ್ಲೆಯಲ್ಲಿದ್ದ ನಮ್ಮ ಹೊಸೂರೂ ಆಗ ಅದೇ ಆಧಿಪತ್ಯದ ಆಡಳಿತದಲ್ಲಿತ್ತು. ತಂದೆ ಕರ್ನಲ್ ಮನ್ಮಥನಾಥ ಚೌಧುರಿಯವರು ಬಂಗಾಳಿಗಳು, ವೃತ್ತಿಯಿಂದ ವೈದ್ಯರು. ಮದರಾಸು ಆಧಿಪತ್ಯದ ಸರ್ಜನ್ ಜನರಲ್ ಪದವಿಗೆ ಏರಿದ ಮೊದಲ ಭಾರತೀಯರೆಂಬ ಕೀರ್ತಿ ಅವರದು. ತಾಯಿ ಲೀಲಾದೇವಿ. ಬಂಗಾಳಿ ಗದ್ಯಕ್ಕೆ ಹೊಸ ನಡೆಯನ್ನು ತಂದುಕೊಟ್ಟ ಸಾಹಿತಿ ಪ್ರಮಥ ಚೌಧುರಿಯವರು ದೇವಿಕಾರಾಣಿಯವರ ಚಿಕ್ಕಪ್ಪ-ದೊಡ್ಡಪ್ಪಂದಿರ ಸಾಲಿಗೆ ಸೇರಿದವರು. ಕವೀಂದ್ರ ರವೀಂದ್ರನಾಥ ಠಾಕೂರರ ಮನೆತನದೊಡನೆಯೂ ಈ ಕುಟುಂಬಕ್ಕೆ ನೆಂಟಸ್ತಿಕೆಯಿತ್ತು. ವಿದ್ಯೆ, ಅಧಿಕಾರ, ಕಲಾಭಿರುಚಿ ಮೂರೂ ಕೂಡಿದ್ದ ಮನೆಯದು.

ಮಗಳಿಗೆ ಒಂಬತ್ತು ವರ್ಷವಾದಾಗ ತಂದೆಯವರು ಅವಳನ್ನು ಇಂಗ್ಲೆಂಡಿನ ವಸತಿಶಾಲೆಗೆ ಕಳುಹಿಸಿದರು. ಹೆಣ್ಣುಮಕ್ಕಳ ಶಿಕ್ಷಣ ನಮ್ಮ ದೇಶದ ಬಹುಪಾಲು ಮನೆಗಳಲ್ಲಿ ಇನ್ನೂ ಹೊಸ್ತಿಲು ದಾಟಿರದ ಕಾಲವದು. ಹತ್ತು ತುಂಬದ ಬಾಲಕಿಯನ್ನು ಸಮುದ್ರದಾಚೆ ಕಳುಹಿಸಿದ್ದು ಮಮತೆಯ ಕೊರತೆಯಿಂದಲೋ ದೂರದೃಷ್ಟಿಯಿಂದಲೋ ಎಂದು ಇಂದಿನವರು ಕೇಳಬಹುದು. ಪರಿಣಾಮವಂತೂ ಸ್ಪಷ್ಟ: ತಂದೆತಾಯಿಯ ಆಸರೆಯಿಲ್ಲದೆ ತನ್ನ ದಿನಚರಿಯನ್ನು ತಾನೇ ನಡೆಸಿಕೊಳ್ಳುವ ಗಟ್ಟಿತನ ಆ ಹುಡುಗಿಗೆ ಎಳೆಯ ವಯಸ್ಸಿನಲ್ಲಿಯೇ ಬಂದಿತು.

ಶಾಲೆಯ ಓದು ಮುಗಿದ ಮೇಲೆ ಅವರು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ ಮತ್ತು ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆಗಳಲ್ಲಿ ಅಭಿನಯವನ್ನೂ ಸಂಗೀತವನ್ನೂ ಅಭ್ಯಾಸ ಮಾಡಿದರು. ಅಷ್ಟಕ್ಕೇ ನಿಲ್ಲದೆ ವಾಸ್ತುಶಿಲ್ಪ, ಬಟ್ಟೆಗಳ ಚಿತ್ತಾರ, ಒಳಾಂಗಣದ ಅಲಂಕಾರ ಇವುಗಳಲ್ಲಿಯೂ ತರಬೇತಿ ಪಡೆದರು. ಬಟ್ಟೆಗಳಿಗೆ ವಿನ್ಯಾಸ ರಚಿಸಿಕೊಡುವ ಕೆಲಸಕ್ಕೆ ಸೇರಿ ಸ್ವಂತ ಸಂಪಾದನೆಯನ್ನೂ ಮಾಡತೊಡಗಿದರು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಹಿಮಾಂಶು ರಾಯರನ್ನು ಭೇಟಿಯಾಗುವ ವೇಳೆಗಾಗಲೇ ಅವರ ಕೈಯಲ್ಲಿ ಒಂದು ಕಸುಬಿತ್ತು, ಆ ಕಸುಬಿನ ಗಳಿಕೆಯೂ ಇತ್ತು.

ಹಿಮಾಂಶು ರಾಯ್

1892ರಲ್ಲಿ ಕಟಕದಲ್ಲಿ ಜನಿಸಿದ ಹಿಮಾಂಶು ರಾಯ್ ಅವರು ನ್ಯಾಯಶಾಸ್ತ್ರದ ವ್ಯಾಸಂಗಕ್ಕೆಂದು ಲಂಡನ್ನಿಗೆ ಹೋಗಿ ರಂಗಭೂಮಿಗೆ ಮನಸೋತವರು. ಸ್ವಾತಂತ್ರ್ಯ ಹೋರಾಟಗಾರ ಬಿಪಿನ್‌ಚಂದ್ರ ಪಾಲರ ಪುತ್ರ ನಿರಂಜನ ಪಾಲರು ಅಲ್ಲಿ ಅವರಿಗೆ ಜೊತೆಯಾದರು. ನಿರಂಜನರದು ಬರವಣಿಗೆ, ಹಿಮಾಂಶು ಅವರದು ಸಂಘಟನೆ. ಜರ್ಮನಿಯ ಮ್ಯೂನಿಕ್ ನಗರದ ಚಿತ್ರಸಂಸ್ಥೆಯೊಂದರ ಸಹಯೋಗದಿಂದ, ಫ್ರಾನ್ಜ್ ಓಸ್ಟೆನ್ ಎಂಬ ನಿರ್ದೇಶಕರ ನೇತೃತ್ವದಲ್ಲಿ ಬುದ್ಧನ ಜೀವನವನ್ನು ಕುರಿತ ‘ಲೈಟ್ ಆಫ್ ಏಷ್ಯಾ’ ಎಂಬ ಮೂಕಚಿತ್ರ 1925ರಲ್ಲಿ ಸಿದ್ಧವಾಯಿತು. ಬುದ್ಧನ ಪಾತ್ರವನ್ನು ಹಿಮಾಂಶು ಅವರೇ ವಹಿಸಿದ್ದರು. ‘ಶಿರಾಜ್’ ಎಂಬ ಚಿತ್ರ 1928ರಲ್ಲಿ ಬಂದಿತು. ಭಾರತದ ಕಥೆಗಳನ್ನು ಭಾರತದ ಕಲಾವಿದರಿಂದಲೇ ಅಭಿನಯಿಸಿ ಯೂರೋಪಿನ ತಾಂತ್ರಿಕ ನೈಪುಣ್ಯದೊಡನೆ ಜಗತ್ತಿಗೆ ತೋರಿಸಬೇಕೆಂಬುದು ಅವರ ಹಿರಿಯ ಹಂಬಲವಾಗಿತ್ತು.

1928ರಲ್ಲಿ ದೇವಿಕಾರಾಣಿಯವರಿಗೆ ಅವರ ಪರಿಚಯವಾಯಿತು. ತಮ್ಮ ಮೂರನೆಯ ಚಿತ್ರ ‘ಎ ಥ್ರೋ ಆಫ್ ಡೈಸ್’ಗೆ ವಸ್ತ್ರಾಲಂಕಾರ ಮತ್ತು ಕಲಾನಿರ್ದೇಶನದ ವಿಭಾಗದಲ್ಲಿ ನೆರವಾಗುವಂತೆ ಹಿಮಾಂಶು ಕೇಳಿಕೊಂಡರು. ಹೀಗೆ ದೇವಿಕಾರಾಣಿಯವರು ಚಲನಚಿತ್ರಕ್ಕೆ ಬಂದದ್ದು ನಟಿಯಾಗಿ ಅಲ್ಲ, ಕೆಲಸ ಬಲ್ಲ ಸಹಾಯಕಿಯಾಗಿ. 1929ರಲ್ಲಿ ಅವರಿಬ್ಬರ ವಿವಾಹ ನಡೆಯಿತು. ವಧುವಿಗೆ ಇಪ್ಪತ್ತೊಂದು ವರ್ಷ. ವರ ಸುಮಾರು ಹದಿನಾರು ವರ್ಷ ಹಿರಿಯರು. ಬಳಿಕ ದಂಪತಿಗಳು ಬರ್ಲಿನ್ನಿಗೆ ತೆರಳಿದರು. ಅಲ್ಲಿಯ ಸುಪ್ರಸಿದ್ಧ ಯೂಫಾ ಸ್ಟುಡಿಯೋದಲ್ಲಿ ದೇವಿಕಾರಾಣಿಯವರು ಚಿತ್ರನಿರ್ಮಾಣದ ಹಲವು ವಿಭಾಗಗಳನ್ನು ಹತ್ತಿರದಿಂದ ಕಂಡು ಕಲಿತರು. ಜರ್ಮನಿಯ ಚಿತ್ರರಂಗ ಆಗ ಜಗತ್ತಿಗೇ ಗುರುಸ್ಥಾನದಲ್ಲಿತ್ತು.

ಇಬ್ಬರೂ ಜೊತೆಯಾಗಿ ನಟಿಸಿದ ‘ಕರ್ಮ’ ಚಿತ್ರವು 1933ರಲ್ಲಿ ಲಂಡನ್ನಿನಲ್ಲಿ ತೆರೆಕಂಡಿತು. ಇಂಗ್ಲಿಷ್ ಮತ್ತು ಹಿಂದಿ ಎರಡು ಭಾಷೆಗಳಲ್ಲಿ ತಯಾರಾದ ಚಿತ್ರವದು. ದೇವಿಕಾರಾಣಿಯವರ ಸೌಂದರ್ಯವನ್ನೂ ಇಂಗ್ಲಿಷ್ ಉಚ್ಚಾರಣೆಯನ್ನೂ ಲಂಡನ್ನಿನ ಪತ್ರಿಕೆಗಳು ಮುಕ್ತಕಂಠದಿಂದ ಹೊಗಳಿದವು. ಆದರೆ ಹಿಂದಿಯ ಅವತರಣಿಕೆಯನ್ನು ಭಾರತದ ಪ್ರೇಕ್ಷಕರು ಮೆಚ್ಚಲಿಲ್ಲ. ಆ ಚಿತ್ರದಲ್ಲಿದ್ದ ಚುಂಬನದ ದೃಶ್ಯವೊಂದನ್ನೇ ಹಿಡಿದು ಇಂದಿಗೂ ಜನ ಮಾತನಾಡುತ್ತಾರೆ; ಅದರ ಅವಧಿಯನ್ನು ಬಾಯಿಂದ ಬಾಯಿಗೆ ಹಿಗ್ಗಿಸುತ್ತ ಹೋಗಿದ್ದಾರೆ. ಅರುವತ್ತು ವರ್ಷಗಳ ಸಾರ್ವಜನಿಕ ಬದುಕನ್ನು ಬಾಳಿದ ಮಹಿಳೆಯನ್ನು ಕೆಲವು ಕ್ಷಣಗಳ ಒಂದು ದೃಶ್ಯಕ್ಕೆ ಇಳಿಸುವುದು ಅವರಿಗೆ ಮಾಡುವ ಅನ್ಯಾಯವೇ ಸರಿ.

ಮಾಲಾಡಿನ ಬಾಂಬೆ ಟಾಕೀಸ್

ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಬಂದ ಮೇಲೆ ಹಿಮಾಂಶು ದಂಪತಿಗಳು ಸ್ವದೇಶದಲ್ಲಿಯೇ ನೆಲೆಯೂರಲು ನಿಶ್ಚಯಿಸಿ, 1934ರಲ್ಲಿ ಮುಂಬಯಿಯ ಮಾಲಾಡಿನಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯನ್ನು ಸ್ಥಾಪಿಸಿದರು. ಷೇರು ಬಂಡವಾಳದ ಮೇಲೆ, ನಿರ್ದೇಶಕ ಮಂಡಲಿಯ ಮೇಲ್ವಿಚಾರಣೆಯಲ್ಲಿ ಕ್ರಮಬದ್ಧವಾಗಿ ನಡೆದ ಕಂಪನಿಯದು. ನಿರ್ದೇಶಕರಾಗಿ ಫ್ರಾನ್ಜ್ ಓಸ್ಟೆನ್, ಛಾಯಾಗ್ರಾಹಕರಾಗಿ ಜೋಸೆಫ್ ವಿರ್ಶಿಂಗ್ ಮೊದಲಾದ ಜರ್ಮನ್ ತಂತ್ರಜ್ಞರು ಬಂದು ಸೇರಿದರು. ವಿದ್ಯಾವಂತ ಭಾರತೀಯ ಯುವಕರನ್ನು ಆರಿಸಿ ಅವರ ಕೈಕೆಳಗೆ ತರಬೇತಿಗೆ ಹಾಕಲಾಯಿತು. ಸಂಸ್ಥೆಯ ಭೋಜನಶಾಲೆಯಲ್ಲಿ ಜಾತಿಭೇದವಿಲ್ಲದೆ ಎಲ್ಲರೂ ಕೂಡಿ ಉಣ್ಣುತ್ತಿದ್ದರೆಂಬುದನ್ನು ಆ ಕಾಲದವರು ವಿಶೇಷವಾಗಿ ನೆನೆದಿದ್ದಾರೆ.

ಇಲ್ಲಿ ಫ್ರಾನ್ಜ್ ಓಸ್ಟೆನ್ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರಿಗೆ ಹಿಂದಿ ಬರುತ್ತಿರಲಿಲ್ಲ. ಆದರೂ ಬಾಂಬೆ ಟಾಕೀಸಿನಲ್ಲಿ ದೇವಿಕಾರಾಣಿಯವರು ನಟಿಸಿದ ಆರಂಭದ ಚಿತ್ರಗಳನ್ನು ನಿರ್ದೇಶಿಸಿದವರು ಅವರೇ. ನಾಟಕದ ಮಟ್ಟಿನ ಕೂಗಾಟ ಕೈಬೀಸಾಟಗಳು ನಮ್ಮ ವಾಕ್ಚಿತ್ರಗಳಲ್ಲಿ ತುಂಬಿದ್ದ ಕಾಲದಲ್ಲಿ, ಕಣ್ಣಿನ ಚಲನೆಯಿಂದಲೂ ಮೌನದಿಂದಲೂ ಭಾವವನ್ನು ತೋರಿಸುವ ಸಂಯಮದ ಅಭಿನಯ ಈ ಚಿತ್ರಗಳಲ್ಲಿ ಕಾಣಿಸಿತು. ಅದರ ಹಿಂದೆ ಮೂಕಚಿತ್ರಗಳಲ್ಲಿ ಪಳಗಿದ ಓಸ್ಟೆನ್ನರ ಕಣ್ಣೂ, ವಿರ್ಶಿಂಗರ ಬೆಳಕಿನ ಹದವೂ ಕೆಲಸ ಮಾಡಿದ್ದವು.

ಸಂಸ್ಥೆಯ ಮೊದಲ ಚಿತ್ರ ‘ಜವಾನಿ ಕೀ ಹವಾ’ 1935ರಲ್ಲಿ ಬಂದಿತು. ನಾಯಕಿ ದೇವಿಕಾರಾಣಿ, ನಾಯಕ ನಜ್ಮುಲ್ ಹಸನ್. ಈ ಚಿತ್ರಕ್ಕೆ ಸಂಗೀತ ನೀಡಿದವರು ಪಾರಸಿ ಮಹಿಳೆ ಖೋರ್ಶೇದ್ ಮಿನೋಚೆರ್ ಹೋಮ್‌ಜಿ. ತಮ್ಮ ಸಮಾಜದ ಹೆಣ್ಣುಮಗಳೊಬ್ಬಳು ಸಿನಿಮಾದಲ್ಲಿ ದುಡಿಯುವುದನ್ನು ವಿರೋಧಿಸಿ ಕೆಲವರು ಗದ್ದಲವೆಬ್ಬಿಸಿದಾಗ ಸಂಸ್ಥೆಯು ಆಕೆಯನ್ನು ಕೈಬಿಡಲಿಲ್ಲ; ಸರಸ್ವತೀದೇವಿ ಎಂಬ ಹೆಸರಿನಿಂದ ಅವರು ಅಲ್ಲಿಯೇ ಬೆಳಗಿದರು.

ಬಿರುಕು

ಎರಡನೆಯ ವರ್ಷದಲ್ಲಿಯೇ ಸಂಸ್ಥೆಯ ಬುಡ ಅಲುಗುವಂತಹ ಪ್ರಸಂಗವೊಂದು ನಡೆಯಿತು. ‘ಜೀವನ್ ನಯ್ಯಾ’ ಚಿತ್ರದ ಚಿತ್ರೀಕರಣ ನಡೆದಿದ್ದಾಗಲೇ ದೇವಿಕಾರಾಣಿಯವರು ನಾಯಕನಟ ನಜ್ಮುಲ್ ಹಸನ್ನರೊಡನೆ ಮುಂಬಯಿಯನ್ನು ತೊರೆದು ಕಲ್ಕತ್ತೆಗೆ ಹೊರಟುಹೋದರು. ಚಿತ್ರ ಅರ್ಧಕ್ಕೆ ನಿಂತಿತು. ಬಂಡವಾಳ ಹೂಡಿದವರು ಕಂಗಾಲಾದರು. ಧ್ವನಿಗ್ರಹಣ ವಿಭಾಗದಲ್ಲಿದ್ದ ಶಶಧರ ಮುಖರ್ಜಿಯವರು ಮಧ್ಯಸ್ಥಿಕೆ ವಹಿಸಿ, ಮಾತುಕತೆ ನಡೆಸಿ, ಅವರನ್ನು ಮರಳಿ ಕರೆತಂದರು. ನಜ್ಮುಲ್ ಹಸನ್ನರಿಗೆ ಬಾಂಬೆ ಟಾಕೀಸಿನ ಬಾಗಿಲು ಮುಚ್ಚಿತು.

ಈ ಪ್ರಸಂಗವನ್ನು ಬಹುಕಾಲ ಜನ ಕೇವಲ ಒಬ್ಬ ನಟಿಯ ಚಾಂಚಲ್ಯವೆಂದು ಹೇಳಿಕೊಂಡು ಬಂದರು. ಈಚಿನ ವರ್ಷಗಳಲ್ಲಿ ದೇವಿಕಾರಾಣಿಯವರ ಪತ್ರಗಳನ್ನು ಆಧರಿಸಿದ ಜೀವನಚರಿತ್ರೆ ಪ್ರಕಟವಾದ ಮೇಲೆ ಆ ದಾಂಪತ್ಯದ ಇನ್ನೊಂದು ಮುಖ ಬೆಳಕಿಗೆ ಬಂದಿದೆ. ಹಿಮಾಂಶು ಅವರಿಗೆ ಜರ್ಮನಿಯಲ್ಲಿ ಮೊದಲೇ ಒಂದು ವಿವಾಹವಾಗಿತ್ತು, ಒಬ್ಬ ಮಗಳೂ ಇದ್ದಳು. ಕಾರ್ಯಕ್ಷೇತ್ರದಲ್ಲಿ ಅಷ್ಟು ದೊಡ್ಡವರಾಗಿದ್ದ ಅವರು ಮನೆಯಲ್ಲಿ ಪತ್ನಿಯ ಪಾಲಿಗೆ ಕಠೋರರಾಗಿದ್ದರೆಂದು ಆ ಗ್ರಂಥ ಹೇಳುತ್ತದೆ. ಇದನ್ನು ತಿಳಿದ ಮೇಲೆ ಕಲ್ಕತ್ತೆಯ ಆ ಪ್ರಯಾಣವನ್ನು ಹಗುರವಾಗಿ ನೋಡಲು ಮನಸ್ಸು ಒಪ್ಪುವುದಿಲ್ಲ. ಆಕೆ ಮರಳಿ ಬಂದರು. ಬಂದು ಕೆಲಸಕ್ಕೆ ನಿಂತರು. ಪತಿಪತ್ನಿಯರ ನಡುವಣ ಒಡಕು ಮುಚ್ಚಲಿಲ್ಲವಾದರೂ ಅವರಿಬ್ಬರ ಅತ್ಯುತ್ತಮ ಚಿತ್ರಗಳು ಬಂದದ್ದು ಆ ಬಳಿಕವೇ.

ಅಶೋಕ್ ಕುಮಾರ್ ಮತ್ತು ‘ಅಛೂತ್ ಕನ್ಯಾ’

ತೆರವಾದ ನಾಯಕನ ಸ್ಥಾನಕ್ಕೆ ಹಿಮಾಂಶು ಅವರು ಆರಿಸಿದ್ದು ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದ ಕುಮುದಲಾಲ ಗಂಗೂಲಿ ಎಂಬ ತರುಣನನ್ನು. ಆತ ಶಶಧರ ಮುಖರ್ಜಿಯವರ ಭಾವಮೈದುನ. ಕಾನೂನು ಓದುವುದನ್ನು ಬಿಟ್ಟು ಚಿತ್ರತಂತ್ರ ಕಲಿಯಲು ಬಂದವನು. ನಟನಾಗುವ ಆಸೆ ಅವನಿಗಿರಲಿಲ್ಲ. ಅವನ ಮುಖ ನಾಯಕನಿಗೆ ಒಪ್ಪುವುದಿಲ್ಲವೆಂದು ಓಸ್ಟೆನ್ನರಿಗೂ ಅನಿಸಿತ್ತು. ಆದರೂ ಹಿಮಾಂಶು ಪಟ್ಟುಬಿಡಲಿಲ್ಲ. ಹೀಗೆ 1936ರಲ್ಲಿ ‘ಜೀವನ್ ನಯ್ಯಾ’ದ ಮೂಲಕ ಅಶೋಕ್ ಕುಮಾರ್ ಹುಟ್ಟಿದರು.

ಈ ಜೋಡಿಯಲ್ಲಿ ಹಿರಿಮೆ ಯಾರದೆಂಬುದನ್ನು ಗಮನಿಸಬೇಕು. ದೇವಿಕಾರಾಣಿ ಆಗ ಹೆಸರಾಂತ ತಾರೆ, ಸಂಸ್ಥೆಯ ಒಡೆಯನ ಪತ್ನಿ. ಅಶೋಕ್ ಕುಮಾರ್ ಅಂಜುತ್ತ ಕ್ಯಾಮೆರಾದ ಮುಂದೆ ನಿಂತ ಹೊಸಬ. ಪುರುಷನಿಂದ ಕಲಿತ ಕಾಲ ಮುಗಿದು, ಪುರುಷನೊಬ್ಬನಿಗೆ ಕಲಿಸುವ ಕಾಲ ಅವರ ಬಾಳಿನಲ್ಲಿ ಇಲ್ಲಿಂದ ಮೊದಲಾಯಿತು. ಆ ಹೊಸಬ ಮುಂದೆ ಹಿಂದಿ ಚಿತ್ರರಂಗದ ಪ್ರಾತಃಸ್ಮರಣೀಯ ನಟನಾಗಿ ಬೆಳೆದ ಕಥೆ ಎಲ್ಲರಿಗೂ ತಿಳಿದದ್ದೇ.

ಅದೇ ವರ್ಷ ತೆರೆಕಂಡ ‘ಅಛೂತ್ ಕನ್ಯಾ’ ಈ ಜೋಡಿಯ ಕೀರ್ತಿಯನ್ನು ದೇಶದ ಮೂಲೆಮೂಲೆಗೂ ಒಯ್ದಿತು. ಕಥೆ ನಿರಂಜನ ಪಾಲರದು. ರೈಲ್ವೆ ಗೇಟು ಕಾಯುವ ದಲಿತನ ಮಗಳು ಕಸ್ತೂರಿ ಮತ್ತು ಬ್ರಾಹ್ಮಣರ ಹುಡುಗ ಪ್ರತಾಪ ಬಾಲ್ಯದ ಒಡನಾಡಿಗಳು. ಅವರ ಅನುರಾಗಕ್ಕೆ ಊರು ಅಡ್ಡ ಬರುತ್ತದೆ. ಇಬ್ಬರಿಗೂ ಬೇರೆ ಬೇರೆ ಮದುವೆಯಾಗುತ್ತದೆ. ಕೊನೆಗೆ ರೈಲು ಹಳಿಯ ಮೇಲೆ ಕಾದಾಡುತ್ತಿದ್ದ ಪತಿಯನ್ನೂ ಪ್ರತಾಪನನ್ನೂ ಉಳಿಸಹೋಗಿ ಕಸ್ತೂರಿ ರೈಲಿಗೆ ಬಲಿಯಾಗುತ್ತಾಳೆ. ಮಹಾತ್ಮಾ ಗಾಂಧಿಯವರ ಅಸ್ಪೃಶ್ಯತಾ ನಿವಾರಣೆಯ ಆಂದೋಲನ ದೇಶದಲ್ಲಿ ಪ್ರಬಲವಾಗಿದ್ದ ದಿನಗಳವು. ಪಂಡಿತ ಜವಾಹರಲಾಲ ನೆಹರೂ ಹಾಗೂ ಸರೋಜಿನಿ ನಾಯ್ಡು ಅವರು ಚಿತ್ರವನ್ನು ನೋಡಿದರು. ವಿಲಾಯಿತಿಯಲ್ಲಿ ಬೆಳೆದ ಶ್ರೀಮಂತರ ಮಗಳು ಹಳ್ಳಿಯ ಬಡ ಹುಡುಗಿಯ ಲಂಗ ಚೋಲಿಯಲ್ಲಿ ನಿಂತು, ತನ್ನ ಹಾಡನ್ನು ತಾನೇ ಹಾಡಿದಾಗ ಪ್ರೇಕ್ಷಕರು ಆಕೆಯನ್ನು ತಮ್ಮವಳೆಂದು ಒಪ್ಪಿಕೊಂಡರು. ಇಂದಿನ ಕಣ್ಣಿಗೆ ಕಸ್ತೂರಿಯ ಹುಬ್ಬು ತುಸು ಹೆಚ್ಚೇ ತಿದ್ದಿದಂತೆ ಕಂಡೀತು. ಆದರೆ ಆ ಪಾತ್ರದ ಅಳಲು ಇಂದಿಗೂ ಹಳತಾಗಿಲ್ಲ.

‘ಜನ್ಮಭೂಮಿ’, ‘ಇಜ್ಜತ್’, ‘ಸಾವಿತ್ರಿ’, ‘ಜೀವನ್ ಪ್ರಭಾತ್’, ‘ನಿರ್ಮಲಾ’, ‘ವಚನ್’, ‘ದುರ್ಗಾ’ ಹೀಗೆ 1939ರವರೆಗೆ ಒಂದರ ಮೇಲೊಂದು ಚಿತ್ರಗಳು ಬಂದವು. ಅದೇ ವರ್ಷ, ಧಾರವಾಡದಲ್ಲಿ ಜನಿಸಿದ ಲೀಲಾ ಚಿಟ್ನೀಸ್ ಅವರು ‘ಕಂಗನ್’ ಚಿತ್ರದಲ್ಲಿ ಅಶೋಕ್ ಕುಮಾರರಿಗೆ ನಾಯಕಿಯಾಗಿ ಬಾಂಬೆ ಟಾಕೀಸಿನಲ್ಲಿ ಜಯಭೇರಿ ಹೊಡೆದರೆಂಬುದು ಕನ್ನಡನಾಡಿನ ನಂಟಿನ ದೃಷ್ಟಿಯಿಂದ ಉಲ್ಲೇಖನೀಯ.

ಒಡತಿಯ ಪೀಠದಲ್ಲಿ

1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಬ್ರಿಟಿಷ್ ಸರ್ಕಾರವು ಬಾಂಬೆ ಟಾಕೀಸಿನ ಜರ್ಮನ್ ತಂತ್ರಜ್ಞರನ್ನು ಶತ್ರುದೇಶದ ಪ್ರಜೆಗಳೆಂದು ಬಂಧನದಲ್ಲಿಟ್ಟಿತು. ಐದು ವರ್ಷ ಕಟ್ಟಿ ಬೆಳೆಸಿದ ತಂಡ ಒಂದೇ ಏಟಿಗೆ ಚದುರಿಹೋಯಿತು. ದುಡಿಮೆಯಿಂದ ಮೊದಲೇ ಬಳಲಿದ್ದ ಹಿಮಾಂಶು ಅವರ ಮನಸ್ಸೂ ಶರೀರವೂ ಈ ಆಘಾತವನ್ನು ತಾಳಲಿಲ್ಲ. 1940ನೆಯ ಇಸವಿ ಮೇ 16ರಂದು ಅವರು ತೀರಿಕೊಂಡರು.

ದೇವಿಕಾರಾಣಿಯವರಿಗೆ ಆಗ ಮೂವತ್ತೆರಡು ವರ್ಷ. ಮಕ್ಕಳಿಲ್ಲ, ಪತಿ ಬಿಟ್ಟುಹೋದದ್ದು ನೂರಾರು ಜನ ನಂಬಿದ್ದ ಒಂದು ಸಂಸ್ಥೆಯನ್ನು. ಇಂತಹ ಸಂದರ್ಭದಲ್ಲಿ ವಿಧವೆಯಾದ ಹೆಣ್ಣು ಹಿಂದೆ ಸರಿಯುವುದನ್ನೇ ಸಮಾಜ ನಿರೀಕ್ಷಿಸುತ್ತಿತ್ತು. ಅವರು ಸರಿಯಲಿಲ್ಲ. ನಿರ್ಮಾಣ ವಿಭಾಗದ ಹೊಣೆಯನ್ನು ತಾವೇ ವಹಿಸಿಕೊಂಡರು. ಲಂಡನ್ನಿನಲ್ಲಿ ಕಲಿತ ವಿನ್ಯಾಸ, ಬರ್ಲಿನ್ನಿನಲ್ಲಿ ಕಂಡ ಸ್ಟುಡಿಯೋ ವ್ಯವಸ್ಥೆ, ಮಾಲಾಡಿನಲ್ಲಿ ಗಳಿಸಿದ ಅನುಭವ ಎಲ್ಲವೂ ಈಗ ನೆರವಿಗೆ ಬಂದವು. ಪತಿಯ ನೆರಳಿನಲ್ಲಿ ಕೇವಲ ಅಲಂಕಾರದ ಗೊಂಬೆಯಾಗಿದ್ದವರಿಗೆ ಈ ಕಾರ್ಯ ಸಾಧ್ಯವಾಗುತ್ತಿರಲಿಲ್ಲ.

ಸಂಸ್ಥೆಯಲ್ಲಿ ಶಶಧರ ಮುಖರ್ಜಿಯವರ ಗುಂಪು ಒಂದು ಕಡೆ, ಅಮಿಯ ಚಕ್ರವರ್ತಿಯವರ ಗುಂಪು ಇನ್ನೊಂದು ಕಡೆ ಎಂದು ಎರಡು ತಂಡಗಳು ಚಿತ್ರ ತಯಾರಿಸುತ್ತಿದ್ದವು. ದೇವಿಕಾರಾಣಿಯವರ ಆಡಳಿತದ ಅವಧಿಯಲ್ಲಿ ಬಂದ ‘ಕಿಸ್ಮತ್’ 1943ರಲ್ಲಿ ಬಿಡುಗಡೆಯಾಗಿ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ಇಷ್ಟು ದೊಡ್ಡ ಗೆಲುವು ಬಂದರೂ ಒಳಜಗಳ ತಣಿಯಲಿಲ್ಲ. ಅಂದು ನಡುವೆ ನಿಂತು ಅವರನ್ನು ಕಲ್ಕತ್ತೆಯಿಂದ ಕರೆತಂದಿದ್ದ ಮುಖರ್ಜಿಯವರೂ, ಅವರ ಜೊತೆ ನಟಿಸಿ ಹೆಸರಾದ ಅಶೋಕ್ ಕುಮಾರರೂ, ರಾಯ್ ಬಹಾದ್ದೂರ್ ಚುನ್ನಿಲಾಲರೂ ಅದೇ ವರ್ಷ ಹೊರಬಂದು ಫಿಲ್ಮಿಸ್ತಾನ್ ಎಂಬ ಹೊಸ ಸಂಸ್ಥೆಯನ್ನು ಕಟ್ಟಿದರು. ದೇವಿಕಾರಾಣಿಯವರು ನಾಯಕಿಯಾಗಿ ನಟಿಸಿದ ಕೊನೆಯ ಚಿತ್ರ ‘ಹಮಾರೀ ಬಾತ್’ ಕೂಡ 1943ರದೇ. ಅದರಲ್ಲಿ ನಾಯಕ ಜಯರಾಜ್. ರಾಜ್ ಕಪೂರ್ ಎಂಬ ಹುಡುಗನಿಗೆ ಸಣ್ಣದೊಂದು ಪಾತ್ರ.

ಒಬ್ಬ ಅಶೋಕ್ ಕುಮಾರ್ ಹೋದರೆ ಇನ್ನೊಬ್ಬ ನಾಯಕನನ್ನು ಹುಡುಕಬೇಕಲ್ಲವೇ? ಒಂದು ದಿನ ಪರಿಚಿತ ವೈದ್ಯರೊಬ್ಬರು ಪೇಶಾವರದ ಹಣ್ಣಿನ ವ್ಯಾಪಾರಿಯ ಮಗ ಯೂಸುಫ್ ಖಾನ್ ಎಂಬ ಯುವಕನನ್ನು ಮಾಲಾಡಿಗೆ ಕರೆತಂದರು. ಯುವಕ ಬಂದದ್ದು ಯಾವುದಾದರೊಂದು ಕೆಲಸ ಸಿಕ್ಕೀತೆಂಬ ಆಸೆಯಿಂದ. ಸಿನಿಮಾ ನೋಡಿ ಅಭ್ಯಾಸವೂ ಅವನಿಗೆ ಇರಲಿಲ್ಲ. ದೇವಿಕಾರಾಣಿಯವರು ಕೆಲವೇ ಪ್ರಶ್ನೆ ಕೇಳಿ, ತಿಂಗಳಿಗೆ 1250 ರೂಪಾಯಿ ಸಂಬಳದ ಮೇಲೆ ನಟನಾಗಿ ನೇಮಿಸಿಕೊಂಡರು. ಅಷ್ಟು ದೊಡ್ಡ ಮೊತ್ತ ವರ್ಷದ ಸಂಬಳವೇ ಇರಬೇಕೆಂದು ಯುವಕನಿಗೆ ಅನುಮಾನ ಬಂದಿತಂತೆ. ದಿಲೀಪ್ ಕುಮಾರ್ ಎಂಬ ಹೆಸರನ್ನು ಕೊಟ್ಟವರೂ ಅವರೇ. 1944ರಲ್ಲಿ ‘ಜ್ವಾರ್ ಭಾಟಾ’ ಚಿತ್ರದಿಂದ ಆರಂಭವಾದ ದಿಲೀಪ್ ಕುಮಾರರ ಕಲಾಜೀವನ ಮುಂದೆ ಅರ್ಧ ಶತಮಾನಕ್ಕೂ ಮೀರಿ ಸಾಗಿತು. ಚಿತ್ರರಂಗದಲ್ಲಿ ಪುರುಷರು ನಟಿಯರನ್ನು ಕಂಡುಹಿಡಿದ ಕಥೆಗಳು ಬೇಕಾದಷ್ಟಿವೆ. ಹೆಣ್ಣೊಬ್ಬಳು ಅಧಿಕಾರದ ಕುರ್ಚಿಯಲ್ಲಿ ಕುಳಿತು ಇಂತಹ ಮಹಾನಟನನ್ನು ಗುರುತಿಸಿದ ಕಥೆ ಅಪರೂಪದ್ದು.

ಸ್ವೆತೊಸ್ಲಾವ್ ರೋರಿಚ್

ಆದರೆ ಕಚೇರಿಯ ಕಲಹಗಳೂ ಹಣಕಾಸಿನ ಒತ್ತಡಗಳೂ ಅವರನ್ನು ದಣಿಸಿದ್ದವು. ಈ ಸಮಯದಲ್ಲಿ ಅವರ ಬಾಳನ್ನು ಪ್ರವೇಶಿಸಿದವರು ರಷ್ಯಾದ ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜನಿಸಿದ ಅವರು, ಹಿಮಾಲಯದ ಚಿತ್ರಗಳಿಂದ ಜಗದ್ವಿಖ್ಯಾತರಾದ ನಿಕೊಲಸ್ ರೋರಿಚ್ ಅವರ ಕಿರಿಯ ಪುತ್ರ. ಯುದ್ಧಕಾಲದಲ್ಲಿಯೂ ಕಲಾಕೃತಿಗಳನ್ನೂ ವಿದ್ಯಾಕೇಂದ್ರಗಳನ್ನೂ ಕಾಪಾಡಬೇಕೆಂಬ 1935ರ ಅಂತರರಾಷ್ಟ್ರೀಯ ಒಪ್ಪಂದ ತಂದೆಯವರ ಹೆಸರಿನಿಂದಲೇ ಪ್ರಸಿದ್ಧ. ಕುಲು ಕಣಿವೆಯ ನಗ್ಗರಿನಲ್ಲಿ ಆ ಕುಟುಂಬ ನೆಲೆಸಿತ್ತು. ನೆಹರೂ ಅವರು 1942ರಲ್ಲಿ ಅಲ್ಲಿಗೆ ಅತಿಥಿಯಾಗಿ ಬಂದಿದ್ದಾಗ ಸ್ವೆತೊಸ್ಲಾವ್ ಅವರ ಭಾವಚಿತ್ರವನ್ನು ಬರೆದಿದ್ದರು.

1945ರಲ್ಲಿ ದೇವಿಕಾರಾಣಿಯವರು ಬಾಂಬೆ ಟಾಕೀಸಿನ ತಮ್ಮ ಷೇರುಗಳನ್ನು ಮಾರಿ, ಚಿತ್ರರಂಗವನ್ನು ತ್ಯಜಿಸಿ, ಸ್ವೆತೊಸ್ಲಾವ್ ಅವರನ್ನು ವಿವಾಹವಾದರು. ಆಗ ಅವರಿಗೆ ಮೂವತ್ತೇಳು ವರ್ಷ. ಇದನ್ನು ಸೋಲೆಂದು ಬಗೆದವರೂ ಇದ್ದಾರೆ. ಎರಡನೆಯ ಬಾರಿಯೂ ಪುರುಷನೊಬ್ಬನ ಹಿಂದೆ ನಡೆದರೆಂದು ಹೇಳಿದವರೂ ಇದ್ದಾರೆ. ಆದರೆ ಮೊದಲ ಬಾರಿ ಮುಂಬಯಿ ಬಿಟ್ಟಾಗ ಅವರ ಕೈ ಬರಿದಾಗಿತ್ತು, ಮರಳಿ ಬರಬೇಕಾಯಿತು. ಈ ಬಾರಿ ತಮ್ಮ ಪಾಲನ್ನು ಲೆಕ್ಕ ಹಾಕಿ ಪಡೆದು, ತಾವೇ ಗೊತ್ತುಮಾಡಿದ ಸಮಯದಲ್ಲಿ ಹೊರಟರು. ಮತ್ತೆ ಬೆಳ್ಳಿತೆರೆಯ ಮೇಲೆ ಅವರು ಕಾಣಿಸಿಕೊಳ್ಳಲೇ ಇಲ್ಲ. ಅವರು ಬಿಟ್ಟುಹೋದ ಬಾಂಬೆ ಟಾಕೀಸ್ ಹತ್ತು ವರ್ಷ ತುಂಬುವ ಮೊದಲೇ, 1954ರಲ್ಲಿ ಮುಚ್ಚಿತು.

ತಾತಗುಣಿಯ ದಿನಗಳು

ಕೆಲವು ಕಾಲ ನಗ್ಗರಿನಲ್ಲಿದ್ದು ದಂಪತಿಗಳು ಬೆಂಗಳೂರಿಗೆ ಬಂದು ನೆಲೆಸಿದರು. ಕನಕಪುರ ರಸ್ತೆಯ ತಾತಗುಣಿಯಲ್ಲಿ ಅವರ ತೋಟ ಸುಮಾರು 468 ಎಕರೆಗಳಷ್ಟು ವಿಸ್ತಾರವಾದದ್ದು. ಸುಗಂಧ ತೈಲ ಕೊಡುವ ಲಿನಲೋ ಮರಗಳನ್ನು ಅಲ್ಲಿ ಬೆಳೆಸಿ ಎಣ್ಣೆ ತೆಗೆಯುತ್ತಿದ್ದರು. ಮೂಲತಃ ಮೆಕ್ಸಿಕೋ ದೇಶದ ಈ ಮರ ನಮ್ಮ ಸೀಮೆಯ ಕೆಮ್ಮಣ್ಣಿನಲ್ಲಿ ಬೇರೂರಿತು. ಮುಂಬಯಿಯ ದೀಪಗಳ ನಡುವೆ ಬಾಳಿದವರು ಕಾಡಂಚಿನ ಈ ಮೌನಕ್ಕೆ ಒಗ್ಗಿಕೊಂಡರು. ಸ್ವೆತೊಸ್ಲಾವ್ ಅವರು ದಕ್ಷಿಣದ ಹಳ್ಳಿಗಳನ್ನೂ, ಹೊಲದಲ್ಲಿ ದುಡಿಯುವ ಜನರನ್ನೂ, ಪತ್ನಿಯ ಭಾವಚಿತ್ರಗಳನ್ನೂ ಬರೆದರು. ಹಿಂದೊಮ್ಮೆ ಕ್ಯಾಮೆರಾದ ಮುಂದೆ ನಿಂತಿದ್ದ ಮುಖ ಈಗ ಕುಂಚದ ಮುಂದೆ ಕುಳಿತಿತು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಬೆಳವಣಿಗೆಗೆ ಅವರು ಬೆಂಬಲವಾಗಿ ನಿಂತರು. ಅಲ್ಲಿಯ ರೋರಿಚ್ ವಿಭಾಗದಲ್ಲಿ ತಂದೆಮಗನ ಚಿತ್ರಗಳನ್ನು ಇಂದಿಗೂ ಕಾಣಬಹುದು.

ಗೌರವಗಳು ತಾವಾಗಿಯೇ ಅರಸಿ ಬಂದವು. ದೇವಿಕಾರಾಣಿಯವರಿಗೆ 1958ರಲ್ಲಿ ಪದ್ಮಶ್ರೀ, ಸ್ವೆತೊಸ್ಲಾವ್ ಅವರಿಗೆ 1961ರಲ್ಲಿ ಪದ್ಮಭೂಷಣ ಸಂದವು. ಆಮೇಲೆ ಫಾಲ್ಕೆ ಪ್ರಶಸ್ತಿ. 1990ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ. 1993ರ ಜನವರಿ 30ರಂದು ಸ್ವೆತೊಸ್ಲಾವ್ ಬೆಂಗಳೂರಿನಲ್ಲಿ ನಿಧನರಾದರು. ಸುಮಾರು ಹದಿಮೂರು ತಿಂಗಳ ಬಳಿಕ, 1994ರ ಮಾರ್ಚ್ 9ರಂದು, ದೇವಿಕಾರಾಣಿಯವರೂ ಅದೇ ನಗರದಲ್ಲಿ ಕಣ್ಮುಚ್ಚಿದರು. ಸಂತಾನವಿಲ್ಲದ ಅವರ ಆಸ್ತಿ ವ್ಯಾಜ್ಯಕ್ಕೆ ಸಿಕ್ಕಿತು. ಕರ್ನಾಟಕ ಸರ್ಕಾರವು 1996ರಲ್ಲಿ ಕಾನೂನು ಮಾಡಿ ತಾತಗುಣಿಯನ್ನು ವಶಕ್ಕೆ ತೆಗೆದುಕೊಳ್ಳಲು ಮುಂದಾಯಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದದ್ದು 2011ರಲ್ಲಿ. ಅದೇ ವರ್ಷ ಅಂಚೆ ಇಲಾಖೆಯು ದೇವಿಕಾರಾಣಿಯವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು.

ಉಪಸಂಹಾರ

ಈಗ ಮೊದಲಿನ ಮಾತಿಗೆ ಬರೋಣ. ದೇವಿಕಾರಾಣಿಯವರ ಬಾಳಿನಲ್ಲಿ ಪುರುಷರ ಪ್ರಭಾವ ಎಷ್ಟು? ತಂದೆ ವಿದ್ಯೆಯ ಬಾಗಿಲು ತೆರೆದರು. ಹಿಮಾಂಶು ರಾಯ್ ಒಂದು ದೊಡ್ಡ ಕನಸನ್ನು ಕೊಟ್ಟರು, ಅದರೊಡನೆ ನೋವನ್ನೂ ಕೊಟ್ಟರು. ನಿರಂಜನ ಪಾಲರು ಪಾತ್ರವನ್ನೂ ಓಸ್ಟೆನ್ನರು ಶಿಸ್ತನ್ನೂ ಒದಗಿಸಿದರು. ಮುಖರ್ಜಿಯವರು ಒಮ್ಮೆ ಸಂಧಾನಕಾರರಾಗಿ ಬಂದು ಇನ್ನೊಮ್ಮೆ ಪ್ರತಿಸ್ಪರ್ಧಿಯಾಗಿ ಹೋದರು. ರೋರಿಚ್ ನಲವತ್ತೇಳು ವರ್ಷಗಳ ಸಹಬಾಳ್ವೆಯನ್ನು ನೀಡಿದರು. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಂದು ಉಳಿಯುತ್ತದೆ: 1940ರಲ್ಲಿ ನಿಲ್ಲಬೇಕೆಂದೂ 1945ರಲ್ಲಿ ಹೊರಡಬೇಕೆಂದೂ ತೀರ್ಮಾನಿಸಿದವರು ಸ್ವತಃ ದೇವಿಕಾರಾಣಿ. ಆ ಎರಡು ತೀರ್ಮಾನಗಳಲ್ಲಿ ಅವರ ನಿಜವಾದ ವ್ಯಕ್ತಿತ್ವ ಕಾಣುತ್ತದೆ.

ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಸಿನಿಮಾ ನಟಿಯ ಕಥೆ ಏಕೆ ಎಂದು ಯಾರಾದರೂ ಕೇಳಿದರೆ, ಉತ್ತರ ಇದೇ. ಕೈಗೆ ಕಸುಬು ಕಲಿಸುವ ವಿದ್ಯೆ ಹೆಣ್ಣುಮಗಳಿಗೆ ದೊರೆತರೆ, ಆಸರೆಯಾಗಿದ್ದವರು ಇಲ್ಲವಾದ ದಿನ ಅವಳು ಕುಸಿಯುವುದಿಲ್ಲ. ಈ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತು ಕನ್ನಡ ಅಕ್ಷರ ತಿದ್ದಿದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ತಮ್ಮ ಸಂಸಾರದ ಹೊಣೆಯನ್ನು ತಾವೇ ಹೊತ್ತಿದ್ದಾರೆ. ಅವರ ಹೆಸರು ಅಂಚೆಚೀಟಿಯ ಮೇಲೆ ಬಾರದಿರಬಹುದು. ಮಗಳನ್ನು ಮುಂದೆ ಓದಿಸುವುದೋ ಬಿಡುವುದೋ ಎಂದು ತೂಗಿ ನೋಡುತ್ತಿರುವ ತಂದೆತಾಯಿಗಳು ನಮ್ಮ ಗಡಿಯೂರುಗಳಲ್ಲಿ ಇನ್ನೂ ಇದ್ದಾರೆ. ಒಂಬತ್ತು ವರ್ಷದ ಮಗಳನ್ನು ಕಡಲಾಚೆ ಕಳುಹಿಸಿದ ಆ ವೈದ್ಯರಷ್ಟು ದೂರ ಹೋಗಬೇಕಾದ ಅಗತ್ಯ ಇಂದು ಯಾರಿಗೂ ಇಲ್ಲ. ಊರಿನ ಶಾಲೆಯ ಬಾಗಿಲಿಗೆ ಕಳುಹಿಸಿ, ಓದು ಮುಗಿಯುವ ತನಕ ಹಿಂದಕ್ಕೆ ಕರೆಯದಿದ್ದರೆ ಅಷ್ಟೇ ಸಾಕು.